ಕುರಿ ನಾಯಿಗೆ ನಾನಿಟ್ಟ ಹೆಸರು

ನಮ್ಮ ಮನೆಯಲ್ಲಿ ಕುರಿ ಕಾಯುವ ನಾಯಿಗೆ ಹೆಸರಿಡುತ್ತಿರಲಿಲ್ಲ. ಎಮ್ಮೆಗೆ ಹೆಸರಿತ್ತು, ಗಂಟೆ ಕಟ್ಟಿದ ಟಗರಿಗೆ ಹೆಸರಿತ್ತು, ಹೊಲದ ಬಾವಿಗೂ ಒಂದು ಹೆಸರಿತ್ತು. ನಾಯಿಗೆ ಮಾತ್ರ ಇಲ್ಲ. ಹೆಸರು ಹಿಡಿದು ಕರೆದರೆ ಅದು ಕರೆದವರ ಹಿಂದೆ ಬರುತ್ತದೆ, ಆಮೇಲೆ ಮಂದೆಯಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಾನು ಹೆಸರಿಟ್ಟೆ. ಅದರಿಂದ ಏನಾಯಿತು ಎಂಬುದನ್ನು ಅಣ್ಣ ಬದುಕಿರುವವರೆಗೂ ಅವನಿಗೆ ಹೇಳಲಿಲ್ಲ.

ಬಂಗಾರಪೇಟೆಯಿಂದ ಮೈನ್ಸ್‌ಗೆ ಹೋಗುವ ರೈಲು ಹಳಿಯ ಪಕ್ಕದಲ್ಲೇ ನಮ್ಮ ಊರು. ಊರಿನ ಅರ್ಧ ಗಂಡಸರು ಆ ರೈಲು ಹತ್ತಿ ಗಣಿ ಕೆಲಸಕ್ಕೆ ಹೋಗುತ್ತಿದ್ದರು. ಅಣ್ಣ ಹೋಗಲಿಲ್ಲ. ಯಾರಾದರೂ ಕರೆದರೆ, "ಭೂಮಿ ಒಳೀಕ್ ಓಗಾಕೆ ಸತ್ತ ಮ್ಯಾಲೆ ಟೈಮೈತೆ ಬುಡ್ಲಾ" ಎನ್ನುತ್ತಿದ್ದ. ಅವನಿಗೆ ಕುರಿ ಸಾಕು, ನಾಯಿ ಸಾಕು.

ಆ ನಾಯಿಗಳ ತಳಿ ನಮ್ಮ ತಾತನ ಕಾಲದಲ್ಲಿ ಮಡಕಶಿರದ ಕಡೆಯಿಂದ ಕುರಿಗಳ ಜೊತೆ ನಡೆದುಕೊಂಡು ಬಂದದ್ದಂತೆ. ಓದಿದವರು ಅದಕ್ಕೆ ಬೇರೆ ಏನಾದರೂ ಹೇಳುತ್ತಾರೋ ಗೊತ್ತಿಲ್ಲ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಾವು ಕುರಿ ನಾಯಿ ಎನ್ನುತ್ತಿದ್ದೆವು. ಒಣಗಿದ ರಾಗಿ ಹುಲ್ಲಿನ ಬಣ್ಣ, ಉದ್ದ ಮೂತಿ, ಒಳಕ್ಕೆ ಎಳೆದುಕೊಂಡ ಹೊಟ್ಟೆ. ಸುಮ್ಮಸುಮ್ಮನೆ ಬೊಗಳುವುದಿಲ್ಲ. ಕುರಿಯನ್ನು ಕಚ್ಚುವುದಿಲ್ಲ, ಓಡಿಸುವುದೂ ಕಡಿಮೆ. ಮಂದೆಗೂ ಬೆಳೆಗೂ ನಡುವೆ ಹೋಗಿ ಅಡ್ಡ ನಿಲ್ಲುತ್ತದೆ, ಅಷ್ಟೆ. ಕುರಿಗಳು ತಾವಾಗಿ ತಿರುಗುತ್ತವೆ. ತೋಳದ ವಾಸನೆ ಹತ್ತಿದರೆ ಮಾತ್ರ ಅದರ ದನಿ ಊರಿಗೆಲ್ಲ ಕೇಳುತ್ತಿತ್ತು.

ಮರಿ ಕಣ್ಣು ಬಿಡುತ್ತಲೇ ಅದನ್ನು ಕುರಿ ಕೂಡಿಹಾಕುವ ರೊಪ್ಪಕ್ಕೆ ಹಾಕುತ್ತಿದ್ದರು. ಹಾಲು ಹೆಚ್ಚಿದ ತಾಯಿ ಕುರಿಯನ್ನು ಹಿಡಿದು ನಿಲ್ಲಿಸಿ ಅದರ ಮೊಲೆ ಕುಡಿಸುತ್ತಿದ್ದರು. ಆಮೇಲೆ ರಾಗಿ ಅಂಬಲಿ, ಮಜ್ಜಿಗೆ. ಅದನ್ನೂ ರೊಪ್ಪದೊಳಗೇ ಇಡಬೇಕು. ಮನೆಯೊಳಗೆ ಬಿಡುವಂತಿಲ್ಲ, ಮಡಿಲಲ್ಲಿ ಕೂರಿಸಿಕೊಳ್ಳುವಂತಿಲ್ಲ. ಹಾಗೆಂದು ಅಣ್ಣನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಸಂಜೆ ಮಂದೆ ಬಂದ ಮೇಲೆ ಅದರ ಕಾಲ್ಬೆರಳ ಸಂದಿಯ ಮುಳ್ಳು ತೆಗೆಯುತ್ತಿದ್ದ, ಕಿವಿಯೊಳಗಿನ ಉಣ್ಣೆ ಹುಳ ಕಿತ್ತು ಹೊಂಗೆ ಎಣ್ಣೆ ಸವರುತ್ತಿದ್ದ. ಅದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿತ್ತು. ಆದರೆ ಅವನು ಒಂದು ದಿನವೂ ಅದನ್ನು ಹತ್ತಿರ ಕರೆಯಲಿಲ್ಲ. ಬೇಕಾದರೆ ತಾನೇ ಎದ್ದು ಅದು ಇರುವಲ್ಲಿಗೆ ಹೋಗುತ್ತಿದ್ದ.

ಅಮ್ಮ ತೀರಿಕೊಂಡ ವರ್ಷ, ನಾನು ಹೆಸರಿಟ್ಟ ಆ ನಾಯಿ ಇನ್ನೂ ಮರಿ. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ರೊಪ್ಪ ಗುಡಿಸಲು ಹೋದಾಗ ದಾವಣಿಯಲ್ಲಿ ಮುದ್ದೆಯ ಚೂರು ಮುಚ್ಚಿಕೊಂಡು ಹೋಗಿ ತಿನ್ನಿಸುತ್ತಿದ್ದೆ, ಕಿವಿಯಲ್ಲಿ ಹೆಸರು ಹೇಳುತ್ತಿದ್ದೆ. ಬೆಳೆದು ಮಂದೆಗೆ ಹೋಗತೊಡಗಿದ ಮೇಲೂ ಬಿಡಲಿಲ್ಲ. ಮೆಲ್ಲಗೆ ಕರೆದರೂ ರೊಪ್ಪದ ಆ ಮೂಲೆಯಿಂದ ಬರುತ್ತಿತ್ತು. ನನಗೋಸ್ಕರ ಎದ್ದು ಬರುವ ಜೀವ ಅದೊಂದೇ ಎನ್ನಿಸುತ್ತಿತ್ತು.

ಒಮ್ಮೆ ಮೈನ್ಸ್‌ನ ಕೋರಮಂಡಲ್‌ನಿಂದ ನಮ್ಮ ಸೋದರತ್ತೆಯ ಮಗಳು ಬಂದಿದ್ದಳು. ಗಣಿ ಲೈನ್ ಮನೆಗಳ ತಮಿಳು ಅವಳ ಮಾತಿನಲ್ಲಿ ಬೆರೆತಿತ್ತು. ಇಬ್ಬರೂ ಅಣ್ಣನಿಗೆ ಬುತ್ತಿ ಕೊಡಲು ಹೋದೆವು. ಅವನು ದೂರದ ಹಳ್ಳದಲ್ಲಿ ಕುರಿಗೆ ಕುಡಿಯುವ ನೀರಿಗಾಗಿ ಮರಳು ತೋಡುತ್ತಿದ್ದ. ಕುರಿಗಳು ಹಳಿಯ ಏರಿಯ ಕೆಳಗೆ ಮೇಯುತ್ತಿದ್ದವು. ನಾಯಿ ಏರಿಯ ಮೇಲೆ, ಹಳಿಗೂ ಕುರಿಗೂ ನಡುವೆ ಮಲಗಿತ್ತು.

"ಇದೇನೇ ಇದು, ಕಲ್ಲಂಗ್ ಬಿದ್ದೈತೆ?" ಎಂದಳು ಅವಳು.

"ಅದು ಕೆಲ್ಸದಾಗೈತೆ."

"ಅಯ್ಯಯ್ಯೋ, ಕೆಲ್ಸಾನಂತೆ! ನಮ್ ಲೈನ್ ಅತ್ರ ದೊರೆ ಬಂಗ್ಲೆ ನಾಯಿ ಐತೆ. ಎಸ್ರಿಡ್ದು 'ಇಂಗ ವಾ' ಅಂದ್ರೆ ಓಡ್ಬಂದು ಮುಂಗಾಲೆತ್ತಿ ಸಲಾಮ್ ಒಡೀತೈತೆ. ನಿಮ್ದಕ್ಕೆ ಎಸ್ರೂ ಇಲ್ಲ, ಪಾವಂ."

"ಐತೆ."

"ಸುಳ್ಳಿ! ಎಲ್ಲಿ, ಕರಿ ನೋಡಾನ."

ಕರೆದೆ. ಜೋರಾಗಿಯೇ ಕರೆದೆ.

ಅದು ಎದ್ದು ಮಂದೆಯ ಕಡೆ ಒಮ್ಮೆ ನೋಡಿತು. ನಾನು ಇನ್ನೊಮ್ಮೆ ಕರೆದೆ. ಓಡಿ ಬಂದು ಎರಡು ಮುಂಗಾಲನ್ನೂ ನನ್ನ ಎದೆಯ ಮೇಲಿಟ್ಟಿತು. ಅವಳು ಚಪ್ಪಾಳೆ ತಟ್ಟಿದಳು. ನಾನು ಹಿಗ್ಗಿ ಅದರ ಕತ್ತು ತಬ್ಬಿಕೊಂಡು ಕುಳಿತೆ. ಒಂದು ಕುರಿ ಏರಿ ಹತ್ತಿದ್ದು, ಅದರ ಹಿಂದೆ ಉಳಿದವು ಹತ್ತಿದ್ದು ನಾನು ನೋಡಿದಾಗ ರೈಲು ತಿರುವಿನಲ್ಲಿ ಕೂಗುತ್ತಿತ್ತು. ಒಳ್ಳೊಳ್ಳೆಯ ತಾಯಿ ಕುರಿಗಳು ರೈಲಿಗೆ ಸಿಕ್ಕಿ ಹೋದವು. ಕೆಲವುಗಳ ಹೊಟ್ಟೆಯಲ್ಲಿ ಮರಿಯಿತ್ತು.

ಅಣ್ಣ ಮೈಯೆಲ್ಲ ಮರಳಾಗಿ ಓಡಿ ಬಂದ. "ನಾಯಿ ಎಲ್ಲಿತ್ತಮ್ಮಿ?" ಎಂದು ಕೇಳಿದ.

"ನಾವ್ ಬರೋ ಒತ್ತಿಗೇ ತೋಪಿನ್ ಕಡೀಕ್ ಓಗಿತ್ತಣ್ಣ. ಈಗ್ ಬಂತು," ಎಂದೆ. ನಾಯಿ ನನ್ನ ಕಾಲಿಗೆ ಒತ್ತಿಕೊಂಡೇ ನಿಂತಿತ್ತು. ಅತ್ತೆಯ ಮಗಳು ನೆಲ ನೋಡಿದಳು.

ಮಂದೆ ಬಿಟ್ಟು ಹೋದ ನಾಯಿಯನ್ನು ಇಟ್ಟುಕೊಳ್ಳುವುದು ಬೇಡವೆಂದ ಅಪ್ಪ. "ಇನ್ನೊಂದ್ ಕಿತ ನೋಡಾನಪ್ಪ," ಎಂದು ಅಣ್ಣ ಬೇಡಿಕೊಂಡ. "ಯಾವಾಗ್ ನೋಡ್ತೀಯ, ತೋಳ ಬಂದಾಗ್ಲಾ?" ಎಂದು ಅಪ್ಪ ಎದ್ದು ಹೋದ. ಕೆಲವು ದಿನಕ್ಕೆ ತೆಲುಗು ಸೀಮೆಯ ಕುರಿಯವರು ನಮ್ಮೂರ ಮೇಲೆ ಹಾದು ಹೋದರು. ಅಣ್ಣ ಹಗ್ಗವನ್ನು ಅವರ ಕೈಗೆ ಕೊಟ್ಟು, ಸಂಜೆ ಹೊತ್ತು ಕಾಲಿನ ಮುಳ್ಳು ನೋಡಬೇಕೆಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳಿದ. ನಾನು ಒಲೆಯ ಮುಂದೆ ಕುಳಿತಿದ್ದೆ, ಹೊರಗೆ ಬರಲಿಲ್ಲ.

ಮರುವರ್ಷ ಅದೇ ಕುರಿಯವರು ಬೂದಿಕೋಟೆಯ ಹತ್ತಿರ ಒಂದು ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿದ್ದಾರೆಂದು ತಿಳಿಯಿತು. ಅಣ್ಣ ನನ್ನನ್ನೂ ಕರೆದುಕೊಂಡು ಹೋದ. ದೂರದಿಂದಲೇ ಕಂಡಿತು. ಪಕ್ಕದ ಹೊಲದ ಹುರುಳಿಗೆ ಅಡ್ಡವಾಗಿ ನಿಂತಿತ್ತು. ಒಂದು ಕುರಿಯೂ ಅದನ್ನು ದಾಟಿರಲಿಲ್ಲ.

"ಅಲ್ನೋಡಮ್ಮಿ, ಎಂಗ್ ನಿಂತೈತೆ! ಅವತ್ತೊಂದಿನ ಏನ್ ಬಂದಿತ್ತು ಇದಕ್ಕೆ?" ಎಂದ ಅಣ್ಣ.

ನಾನು ಬಾಯಿ ಬಿಟ್ಟಿದ್ದರೆ ಅವನು ಆ ಕುರಿಯವರ ಕೈಕಾಲು ಹಿಡಿದಾದರೂ ಅದನ್ನು ಅವತ್ತೇ ವಾಪಸು ತರುತ್ತಿದ್ದ. ಅಷ್ಟರಲ್ಲಿ ನಾಯಿ ತಲೆ ಎತ್ತಿ, ಕಿವಿ ಮುಂದೆ ಮಾಡಿ, ನನ್ನ ಮುಖವನ್ನೇ ನೋಡತೊಡಗಿತು. ಕರೆಯಲಿ ಎಂದು ಕಾಯುತ್ತಿತ್ತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ನನ್ ಗುರ್ತಿಡೀತು ನೋಡು!" ಎಂದು ಅಣ್ಣ ಕಣ್ಣೊರೆಸಿಕೊಂಡ.

"ಊ ಅಣ್ಣ," ಎಂದೆ.

ಅವನ ಸಂತೋಷ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಅವನು ನನ್ನನ್ನು ನೋಡುವ ರೀತಿ ಬದಲಾಗುತ್ತದೆ ಎಂಬ ಹೆದರಿಕೆ ಅಷ್ಟೆ. ಅಣ್ಣ ಮತ್ತೆ ನಾಯಿ ಸಾಕಲಿಲ್ಲ. ಮಳೆಯಿರಲಿ ಚಳಿಯಿರಲಿ ತಾನೇ ಕಂಬಳಿ ಹೊದ್ದು ರೊಪ್ಪದಲ್ಲಿ ಮಲಗುತ್ತಿದ್ದ. ಯಾರಾದರೂ ಮರಿ ತಂದುಕೊಟ್ಟರೆ, "ಎಷ್ಟೇ ಒಳ್ಳೆ ನಾಯಿ ಆದ್ರೂ ಒಂದಿನ ಕೈ ಕೊಡ್ತೈತೆ ಕಣ್ಲಾ" ಎಂದು ತಿರುಗಿ ಕಳಿಸುತ್ತಿದ್ದ.

ಅದು ಕೈ ಕೊಟ್ಟಿರಲಿಲ್ಲ. ನಾನು ಕರೆದೆ, ಬಂತು.