ಅಂಟಮ್ಮ ಬಿಚ್ಚಿಟ್ಟ ಪುಸ್ತಕಗಳು

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದಿನ ಮೆಟ್ಟಿಲಿಳಿದರೆ ಸಿಗುವ ಕೋಣೆಯಲ್ಲಿ ಮೈದಾ ಅಂಟು ಕುದಿಯುತ್ತಿದೆ. ಗಂಟು ಕಟ್ಟದಂತೆ ತಿರುವುತ್ತಿರುವ ಹೆಂಗಸಿನ ಕಣ್ಣು ಪಾತ್ರೆಯ ಮೇಲಿದ್ದರೆ, ಕಿವಿ ಕಿಟಕಿಯಾಚೆಯ ಮೈದಾನದಲ್ಲಿದೆ. ಅಲ್ಲಿ ಅವರ ಮಗಳು ಓಡುತ್ತಿದ್ದಾಳೆ. "ಇನ್ನೆರಡು ಸುತ್ತು ಬಾಕಿ," ಎನ್ನುತ್ತಾರೆ ತಲೆ ಎತ್ತದೆ. ಮಗಳ ಹೆಜ್ಜೆ ಸಪ್ಪಳ ಅವರಿಗೆ ಅಷ್ಟು ಗುರುತು.

ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟುವ ಕೆಲಸಕ್ಕೆ ಅವರು ಸೇರಿ ಇಪ್ಪತ್ತಾರು ವರ್ಷ. ಬೆರಳಿಗೆ ಮೆತ್ತಿದ ಅಂಟು ಎಷ್ಟು ತೊಳೆದರೂ ಹೋಗದು. ಹಾಗಾಗಿ ವಿದ್ಯಾರ್ಥಿಗಳಿಗೆಲ್ಲ ಅವರು ಅಂಟಮ್ಮ. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಈ ಕೋಣೆಯ ಕಾಗದದ ಚೂರುಗಳ ನಡುವೆ ಆಡಿ ಬೆಳೆದ ಹುಡುಗಿ ಈಗ ಇಲ್ಲೇ ಓದುತ್ತಿದ್ದಾಳೆ, ಅದೂ ಕ್ರೀಡಾ ಕೋಟಾದಲ್ಲಿ.

ಸೇರಿದ ಹೊಸತರಲ್ಲಿ ಒಂದು ದಪ್ಪ ವಿಜ್ಞಾನದ ಪುಸ್ತಕದ ಹದಿನಾರು ಪುಟಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದರಂತೆ. ವರ್ಷವಾದ ಮೇಲೆ ಪುಸ್ತಕ ಮತ್ತೆ ಕೈಗೆ ಬಂದಾಗಲೇ ಗೊತ್ತಾದದ್ದು. "ಎದೆ ಧಸಕ್ ಅಂತು. ಆದ್ರೆ ಆ ಪುಟಗಳ ತುಂಬಾ ಪೆನ್ಸಿಲ್ ಗೆರೆ! ಯಾರೋ ಪುಸ್ತಕ ತಿರುಗಿಸಿಕೊಂಡು ಓದಿದಾರೆ. ಅವತ್ತಿಂದ ಈ ಕೆಲಸಾನ ಸಣ್ಣದು ಅಂತ ಅಂದ್ಕೊಂಡಿಲ್ಲ."

ಆ ಕೆಲಸಕ್ಕೇ ಈಗ ಕುತ್ತು ಬಂದಿದೆ. ಈ ವರ್ಷ ವಿದ್ಯಾರ್ಥಿಗಳ ಶುಲ್ಕದ ಸಿಂಹಪಾಲು ಹೊಸ ಕ್ರೀಡಾಂಗಣಕ್ಕೆ ಹೋಗಿದೆ. ಗ್ರಂಥಾಲಯಕ್ಕೆ ಹೊಸ ಪುಸ್ತಕವಿಲ್ಲ, ಹಳೆಯದಕ್ಕೆ ಹೊಲಿಗೆಯೂ ಇಲ್ಲ. ಕೋಣೆ ಆಟದ ಸಾಮಾನಿನ ಉಗ್ರಾಣವಾಗಲಿದೆ. ಬಿಚ್ಚಿಟ್ಟ ಪುಸ್ತಕಗಳನ್ನೆಲ್ಲ ಹೊಲಿದು ಮುಗಿಸಿ ಬೀಗದ ಕೈ ಒಪ್ಪಿಸಬೇಕೆಂದು ಮೂರು ವಾರದ ಹಿಂದೆ ಆದೇಶ ಬಂದಿದೆ.

"ಮೈದಾನ ಬೇಡ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ನನ್ನ ಮಗಳಿಗೆ ಸೀಟು ಸಿಕ್ಕಿದ್ದೇ ಓಟದಿಂದ. ಆದ್ರೆ ಕಾಲಿಗೆ ವಯಸ್ಸಾಗತ್ತೆ ನೋಡಿ. ಆಮೇಲೆ ಕೈಗೊಂದು ಪುಸ್ತಕ ಬೇಡ್ವಾ?" ಕ್ರೀಡಾಂಗಣ ಬೇಕೋ ಬೇಡವೋ ಎಂದು ವಿದ್ಯಾರ್ಥಿಗಳ ಸಭೆಯಲ್ಲಿ ಕೈ ಎತ್ತಿಸಿದ್ದರು. ಮಗಳು ಯಾವುದಕ್ಕೆ ಕೈ ಎತ್ತಿದಳೋ ಅಂಟಮ್ಮನಿಗೆ ತಿಳಿಯದು. "ಕೇಳಿಲ್ಲ, ಕೇಳೋದೂ ಇಲ್ಲ. ಅವಳ ಸಂಕಟ ಅವಳಿಗೆ."

ಆದೇಶ ಬಂದ ದಿನ ಮೇಜಿನ ಮೇಲೆ ಬಿಚ್ಚಿದ ಪುಸ್ತಕ ನಲವತ್ತಿದ್ದವು. ಅಂಟಮ್ಮ ದಿನಕ್ಕೆ ಮೂರು ಹೊಲಿಯುತ್ತಾರೆ, ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ. ಲೆಕ್ಕದ ಪ್ರಕಾರ ಮೇಜು ಇಷ್ಟರಲ್ಲಿ ಖಾಲಿಯಾಗಬೇಕಿತ್ತು. ಇಂದು ಅಲ್ಲಿ ಐವತ್ತೆಂಟಿವೆ. ಬೆಳಿಗ್ಗೆ ಅಧಿಕಾರಿಗಳು ಬರುವ ಮುಂಚೆ ಕಪಾಟಿನಿಂದ ತೆಗೆದು ಹೊಸದಾಗಿ ಬಿಚ್ಚುವ ಪುಸ್ತಕ ದಿನಕ್ಕೆ ನಾಲ್ಕು. "ಎಲ್ಲಾ ಹರಿದಿರೋವೇ. ಗಟ್ಟಿ ಪುಸ್ತಕಕ್ಕೆ ನಾನು ಕತ್ತರಿ ಹಾಕಿದವಳಲ್ಲ," ಎನ್ನುತ್ತಾರೆ ಗಂಭೀರವಾಗಿ.

ಓಟ ಮುಗಿಸಿದ ಮಗಳು ಬೆವರೊರೆಸಿಕೊಳ್ಳುತ್ತ ಒಳಗೆ ಬರುತ್ತಾಳೆ. ಕೈ ತೊಳೆದು, ಒಣಗಿಸಿ, ತಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾಳೆ. ಮೂರು ಆಗಲೇ ಬಿಚ್ಚಿಯಾಗಿದೆ. ಬೆನ್ನು ಕಿತ್ತ ಒಂದು ನಿಘಂಟನ್ನು ಎಳೆದುಕೊಂಡು, "ಅಮ್ಮ, ಇದಕ್ಕೆ ಮಧ್ಯದ ದಾರ ಮೊದಲಾ?" ಎಂದು ಕೇಳಿ ಕತ್ತರಿ ಆಡಿಸುತ್ತಾಳೆ. ದಿನದ ನಾಲ್ಕನೆಯದು ಯಾವಾಗಲೂ ಅವಳದೇ. ತಾಯಿ ಹೌದೆಂದು ತಲೆಯಾಡಿಸಿ ಸೂಜಿ ಕೈಗೆತ್ತಿಕೊಳ್ಳುತ್ತಾರೆ.

ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಮೇಲಿನವರಿಗೆ ಗೊತ್ತಾಗುವುದಿಲ್ಲವೇ ಎಂದರೆ, ಅಂಟಮ್ಮ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸುವುದಿಲ್ಲ.

"ಧಾರಾಳವಾಗಿ ಬರೀರಿ. ಅವರು ಓದೋ ಪೈಕಿ ಆಗಿದ್ದಿದ್ರೆ, ಈ ಕೋಣೆಗೆ ಬೀಗ ಯಾಕೆ ಬೀಳ್ತಿತ್ತು?"