ಸೈರನ್ ಕೂಗುವ ಮೊದಲು

ನಾನು ಬೆಳೆದ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಗಡಿಯಾರ ನೋಡುವವರು ಕಡಿಮೆ. ಸೈರನ್ ಕೂಗಿದರೆ ಅಮ್ಮ ಅನ್ನಕ್ಕಿಡುತ್ತಿದ್ದಳು, ಪಕ್ಕದ ಮನೆಯ ತಮಿಳು ಅಕ್ಕ ಮಕ್ಕಳನ್ನು ಶಾಲೆಗೆ ಅಟ್ಟುತ್ತಿದ್ದರು. ಆ ಸದ್ದು ನನಗೆ ಬಲು ಇಷ್ಟವಿತ್ತೆಂದು ಬಹಳ ಕಾಲ ನಂಬಿದ್ದೆ.

ಐದು ವರ್ಷದ ಹಿಂದೆ ನನ್ನ ಮಗಳು ಶಿವಮೊಗ್ಗದಲ್ಲಿ ಎರಡನೇ ತರಗತಿಯಲ್ಲಿದ್ದಳು. ಆ ಶಾಲೆಯಲ್ಲಿ ಗಂಟೆಯೆಂದರೆ ತೂಗುಹಾಕಿದ ರೈಲು ಕಂಬಿಯ ತುಂಡು. ಅಟೆಂಡರ್ ಕಬ್ಬಿಣದ ಸರಳಿನಿಂದ ಬಾರಿಸುತ್ತಿದ್ದ. ಬಾರಿಸಿದ ಕೂಡಲೇ ಇವಳು ಕಿವಿ ಮುಚ್ಚಿಕೊಂಡು ಬೆಂಚಿನಡಿ ತೂರುತ್ತಿದ್ದಳು. ಒಂದು ದಿನ ಗೇಟು ದಾಟಿ ರಸ್ತೆಗೇ ಓಡಿದಳು. ಆಟಿಸಂ ಇದೆ, ಇಂಥ ಸದ್ದು ಅವಳಿಗೆ ನಿಜವಾಗಿಯೂ ನೋವು ಕೊಡುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಲ್ಲಿ ತಲೆಯಾಡಿಸಿ ಬಂದ ನಾನು ಮನೆಯಲ್ಲಿ ಹಟಮಾರಿ ಎಂದು ಗದರುತ್ತಿದ್ದೆ. ಒಮ್ಮೆ ಅವಳ ಕೈಗಳನ್ನು ಕಿವಿಯಿಂದ ಕಿತ್ತು ಬಿಡಿಸಿದ್ದೂ ಉಂಟು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ರಸ್ತೇಲಿ ಏನಾದ್ರೂ ಆದ್ರೆ ಯಾರು ಹೊಣೆ? ಇನ್ನೊಂದ್ಸಲ ಹಿಂಗಾದ್ರೆ ಟೀಸಿ ತಗೊಂಡ್ಬಿಡಿ" ಎಂದರು ಹೆಡ್‌ಮಿಸ್. ಅದು ನಾವು ಸೇರಿಸಿದ ಮೂರನೇ ಶಾಲೆ. ನಾಲ್ಕನೆಯದು ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ.

ಭಾನುವಾರ ಭದ್ರಾವತಿಗೆ ಹೋಗಿ ಅಪ್ಪನ ಮುಂದೆ ಎಲ್ಲ ಕಾರಿಕೊಂಡೆ. ಕುಲುಮೆಯ ಪಕ್ಕ ದುಡಿದು ಕಿವಿ ಅರ್ಧ ಮಂದವಾಗಿದ್ದ ಅಪ್ಪ ನಕ್ಕರು.

"ನೀನೇನು ಕಮ್ಮಿ ಇದ್ಯಾ ಮಾರಾಯ್ತಿ? ಸೈರನ್ ಆದ್ರೆ ನಿನ್ನ ಮಂಚದ ಕೆಳಗಿಂದ ಎಳೀಬೇಕಿತ್ತು. ಅದಕ್ಕೇ ಮೊದ್ಲೇ ಹೇಳಿ ಕಿವಿ ಮುಚ್ತಿದ್ದೆ."

ಆಗ ನೆನಪಾಯಿತು. ಗ್ರೀಸ್ ವಾಸನೆಯ ಎರಡು ಒರಟು ಅಂಗೈಗಳು, 'ಈಗ ಕೂಗುತ್ತೆ ನೋಡು' ಎಂಬ ಮಾತು. ಎಲ್ಲ ಅಪ್ಪಂದಿರೂ ಆಡುವ ಆಟ ಅದು ಎಂದುಕೊಂಡಿದ್ದೆ. ನನಗೆ ಇಷ್ಟವಾಗಿದ್ದದ್ದು ಸೈರನ್ ಅಲ್ಲ, ಆ ಕೈಗಳು.

ಸೋಮವಾರ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಶಾಲೆಗೆ ಬಂದರು. "ಮೇಡಂ, ಗಂಟೇನ ಇವಳ ಕೈಲೇ ಹೊಡಿಸಿ ನೋಡಿ. ಯಾವಾಗ ಆಗುತ್ತೆ ಅಂತ ಗೊತ್ತಿದ್ರೆ ಅಷ್ಟು ಹೆದರಲ್ಲ."

ಹೆಡ್‌ಮಿಸ್ ಅರೆಮನಸ್ಸಿನಿಂದ ಒಂದು ವಾರ ಕೊಟ್ಟರು. ಮೊದಲ ದಿನ ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು, ಅಟೆಂಡರ್ ಸನ್ನೆ ಮಾಡಿದ ಮೇಲೆ, ಮೆಲ್ಲಗೆ ಮೂರೇ ಏಟು ಹಾಕಿದಳು. ನಂತರ ಕಂಬಿಯ ಮೇಲೆ ಕೈಯಿಟ್ಟು, ಅದರ ನಡುಕ ನಿಲ್ಲುವವರೆಗೂ ನಿಂತಳು. ವಾರ ಮುಗಿದ ಮೇಲೆ ಟೀಸಿ ಮಾತು ಬರಲಿಲ್ಲ. ಹಾಗೆಂದು ಎಲ್ಲವೂ ಸರಿಹೋಗಲಿಲ್ಲ; ಸ್ಕೂಲ್ ಡೇ ಮೈಕು ಶುರುವಾದರೆ ಇಂದಿಗೂ ಮನೆಗೆ ಕರೆತರಬೇಕು.

ಅಪ್ಪ ಹೋಗಿ ವರ್ಷವಾಯಿತು. ಮಗಳೀಗ ಏಳನೇ ತರಗತಿ. ಬೆಳಿಗ್ಗೆ ಕುಕ್ಕರ್ ಬುಸುಗುಡತೊಡಗಿದರೆ ಎಲ್ಲಿದ್ದರೂ ಅಡುಗೆಮನೆಗೆ ಬರುತ್ತಾಳೆ, ಹಿಂದಿನಿಂದ ನನ್ನ ಕಿವಿಗಳನ್ನು ಮುಚ್ಚುತ್ತಾಳೆ.

"ಅಮ್ಮ, ಈಗ ಕೂಗುತ್ತೆ."

ಅದನ್ನು ಅವಳಿಗೆ ನಾನು ಕಲಿಸಿದ್ದಲ್ಲ. ಸೌಟು ಹಿಡಿದು, ಸೀಟಿ ನಿಲ್ಲುವವರೆಗೂ ನಿಂತಿರುತ್ತೇನೆ.