ಅರಿಶಿನ ಹತ್ತಿದ ಮಂಡಿಪಟ್ಟಿ

ಗ್ಯಾರೇಜಿನ ಮೂಲೆಯಲ್ಲಿದ್ದ ನೀಲಿ ಡಬ್ಬದ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಅರಿಶಿನದ ವಾಸನೆ. ಅದರ ಹಿಂದೆಯೇ ಹಳೆಯ ರಬ್ಬರ್, ಬೆವರು, ಕಮಟು ಹಿಡಿದ ಕೊಬ್ಬರಿ ಎಣ್ಣೆ... ಮೆಲ್ಬರ್ನ್ ಬಿಟ್ಟು ಸಿಡ್ನಿಯ ರೌಸ್ ಹಿಲ್‌ಗೆ ಬಂದಾಗ ಲಾರಿಯವರು ಇಳಿಸಿ ಹೋದ ಡಬ್ಬಗಳಲ್ಲಿ ಇದೊಂದನ್ನು ನಾವು ಬಿಚ್ಚಿಯೇ ಇರಲಿಲ್ಲ. ಒಳಗೆ ದೀಪಾವಳಿಯ ಸೀರಿಯಲ್ ಲೈಟು, ಕಿವಿ ಮುರಿದ ಇಡ್ಲಿ ಸ್ಟ್ಯಾಂಡು, ಮಗಳ ಹಳೆಯ ಬ್ಯಾಸ್ಕೆಟ್‌ಬಾಲ್ ಜರ್ಸಿ. ಜರ್ಸಿಯೊಳಗೆ ಸುತ್ತಿಕೊಂಡು ಒಂದು ಮಂಡಿಪಟ್ಟಿ, ಆಡುವಾಗ ಮಂಡಿಗೆ ಏರಿಸಿಕೊಳ್ಳುವಂಥದ್ದು. ಬಿಳಿಯದು ಎನ್ನುವುದು ಹೆಸರಿಗೆ ಮಾತ್ರ. ಮುಂಭಾಗವೆಲ್ಲ ಹಳದಿ.

ಅದು ನನ್ನ ಮಗಳದ್ದಲ್ಲ. ಪಕ್ಕದ ಮನೆಯ ಹುಡುಗಿಯದು.

ಆಗ ನಾವು ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಬಾಡಿಗೆಗೆ ಇದ್ದೆವು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಹುಬ್ಬಳ್ಳಿಯವರು. ತಂದೆ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್, ತಾಯಿ ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ. ಆ ಹುಡುಗಿ ನನ್ನ ಮಗಳ ವಾರಿಗೆಯವಳು, ಇಬ್ಬರದೂ ಒಂದೇ ತಂಡ. ಹಾಗಾಗಿ ಪ್ರ್ಯಾಕ್ಟೀಸ್ ಮುಗಿಸಿ ಬಂದರೆ ಊಟ, ಉಪಚಾರ ಎಲ್ಲ ನಮ್ಮ ಮನೆಯಲ್ಲೇ. ಬೇರೆ ಹುಡುಗಿಯರ ಮಂಡಿ ಅವಳ ಮಂಡಿಯ ಹಾಗೆ ಇರುತ್ತಿರಲಿಲ್ಲ. ಮರದ ನೆಲದ ಮೇಲೆ ಜಾರಿ ಬಿದ್ದು, ಚರ್ಮ ಉಜ್ಜಿಹೋಗಿ, ಒಂದು ಗಾಯ ಒಣಗುವ ಮೊದಲೇ ಅದರ ಮೇಲೆ ಇನ್ನೊಂದು. ನಾನು ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಹಾಕಿ ಬಿಸಿಮಾಡಿ ಹಚ್ಚುತ್ತಿದ್ದೆ. ಆರುವವರೆಗೂ ಕೂರುವ ತಾಳ್ಮೆ ಅವಳಿಗಿರಲಿಲ್ಲ. ಅದರ ಮೇಲೇ ಪಟ್ಟಿ ಏರಿಸಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

"ಯಾಕಮ್ಮಾ ಇಷ್ಟು ಬೀಳ್ತೀಯ?" ಎಂದು ಒಮ್ಮೆ ಗದರಿದೆ.

"ಆಂಟಿ, ನಾನ್ ಬೀಳಲ್ಲ. ಐ ಡೈವ್," ಎಂದಳು, ದೊಡ್ಡ ಪಂಡಿತಳ ಹಾಗೆ.

ಆಟವನ್ನು ನನಗೆ ಕಲಿಸಿದವಳೂ ಅವಳೇ. ಅಲ್ಲಿಯವರೆಗೆ ಬುಟ್ಟಿಗೆ ಬಾಲ್ ಬಿದ್ದರೆ ಚಪ್ಪಾಳೆ, ಬೀಳದಿದ್ದರೆ ಅಯ್ಯೋ, ಅಷ್ಟೇ ನನಗೆ ಗೊತ್ತಿದ್ದದ್ದು. ಒಂದು ಸಂಜೆ ನನ್ನ ಒಗ್ಗರಣೆ ಡಬ್ಬಿಯ ಬಟ್ಟಲುಗಳನ್ನು ಕಟ್ಟೆಯ ಮೇಲೆ ಹರಡಿದಳು. ಒಂದು ಲವಂಗವೇ ಬಾಲ್. "ಎಲ್ಲಾ ಟೀಮೂ ಏನ್ ಮಾಡತ್ತೆ? ತಮ್ಮ ಬುಟ್ಟಿ ಹತ್ರ ಹೋಗಿ ವೇಯ್ಟ್ ಮಾಡತ್ತೆ. ನಾವು ಮಾಡಲ್ಲ. ಅವರು ಗೆರೆ ಆಚೆಯಿಂದ ಬಾಲ್ ಒಳಗೆ ಎಸೆಯೋ ಜಾಗದಲ್ಲೇ ಹಿಡ್ಕೋತೀವಿ. ಅದೇ ಪ್ರೆಸ್. ಈ ಸಾಸಿವೆ ಅವರ ಬೆಸ್ಟ್ ಪ್ಲೇಯರ್. ನಾನು ಜೀರಿಗೆ. ಸಾಸಿವೆಗೆ ಬಾಲ್ ಬರೋಕೇ ಬಿಡಲ್ಲ ನಾನು. ಆಗ ಬಾಲ್ ಯಾರಿಗೆ ಹೋಗತ್ತೆ? ಈ ಪಾಪದ ಮೆಂತ್ಯಕ್ಕೆ. ಮೆಂತ್ಯನ ನಮ್ಮವರು ಇಬ್ಬರು ಮೂಲೆಗೆ ಒತ್ತಿಬಿಡ್ತಾರೆ. ಅವಳು ಹೆದರ್ಕೊಂಡು ಎಲ್ಲೋ ಎಸೀತಾಳೆ. ಆ ಎಲ್ಲೋ ಇದೆಯಲ್ಲ, ಅಲ್ಲಿ ನಿಮ್ಮ ಮಗಳು ನಿಂತಿರ್ತಾಳೆ!"

ನನ್ನ ಮಗಳು ಬಾಯಿ ತುಂಬ ಚಪಾತಿ ಇಟ್ಟುಕೊಂಡು ಲವಂಗವನ್ನು ಸಕ್ಕರೆ ಡಬ್ಬಿಗೆ ಹಾಕಿ ಕೈ ಎತ್ತಿದಳು.

ಅಂದಿನಿಂದ ನಾನು ಬಾಲ್ ನೋಡುವುದನ್ನು ಬಿಟ್ಟು ಅವಳನ್ನು ನೋಡತೊಡಗಿದೆ. ನೋಡುವುದಕ್ಕೆ ಏನೂ ಇಲ್ಲ ಎನಿಸುವಂಥ ಆಟ ಅದು. ಸೊಂಟ ಬಗ್ಗಿಸಿ, ಒಂದು ಕೈ ಎದುರಾಳಿಯ ದಾರಿಗೆ ಅಡ್ಡ, ಕಣ್ಣು ಮಾತ್ರ ದೂರದ ಬಾಲಿನ ಮೇಲೆ. ಎದುರಾಳಿ ಎಡಕ್ಕೆ ಹೋದರೆ ಇವಳೂ ಎಡಕ್ಕೆ. ಅವಳು ನಿಂತರೆ ಇವಳ ಪಾದ ಮಾತ್ರ ಸುಮ್ಮನೆ ನಿಲ್ಲುತ್ತಿರಲಿಲ್ಲ, ಬೂಟಿನ ಕಿರ್ ಕಿರ್ ಸದ್ದು ಕೇಳುತ್ತಲೇ ಇರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಆ ತಂಡದ ದೊಡ್ಡ ಆಟಗಾರ್ತಿ ಕೈ ಚಾಚಿ ಕೇಳುವುದನ್ನೇ ಬಿಟ್ಟುಬಿಡುತ್ತಿದ್ದಳು. ನಾನು ಕಿತ್ತಳೆ ಹೋಳು ತುಂಬಿದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅದೊಂದು ಗಳಿಗೆಗಾಗಿಯೇ ಕಾಯುತ್ತಿದ್ದೆ.

ಅವಳ ತಂದೆ ಅದನ್ನು ನೋಡಲೇ ಇಲ್ಲ. ಒಂದು ಪಂದ್ಯವನ್ನೂ ತಪ್ಪಿಸಿಕೊಂಡವರಲ್ಲ. ಅಂಚಿನಲ್ಲಿ ನಿಂತು ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸುತ್ತಿದ್ದರು. ಆದರೆ ಫೋನು ಬಾಲಿನ ಹಿಂದೆ ಹೋಗುತ್ತಿತ್ತು. ಮಗಳಿದ್ದ ಕಡೆ ಬಾಲ್ ಬರುತ್ತಿರಲಿಲ್ಲ, ಅದೇ ಅವಳ ಕೆಲಸವಾಗಿತ್ತು. ಅವಳು ಚೆನ್ನಾಗಿ ಆಡಿದಷ್ಟೂ ಅವರ ವಿಡಿಯೋದಲ್ಲಿ ಕಡಿಮೆ ಕಾಣುತ್ತಿದ್ದಳು.

ಪ್ರತಿ ವಾರ ಕಾರ್ ಪಾರ್ಕಿನಲ್ಲಿ ಅದೇ ಪ್ರಶ್ನೆ. "ಏನವಾ, ಇವತ್ತ ಎಷ್ಟ ಹೊಡದಿ?"

"ಝೀರೋ ಅಪ್ಪಾ. ಬಟ್ ನಾನ್ ಹಿಡಿದವಳೂ ಝೀರೋ."

"ಅಕೀದು ಕಟ್ಕೊಂಡು ನಮಗೇನು?" ಎಂದು ನನ್ನ ಕಡೆ ತಿರುಗುತ್ತಿದ್ದರು. "ನೋಡ್ರೀ, ನಿಮ್ಮ ಮಗಳು ಹೆಂಗ ಹೊಡೀತಾಳ! ನಮ್ಮಕಿ ಸಂತಿಯೊಳಗ ದಾರಿ ತಪ್ಪಿದೋರಂಗ ಕೈ ಚಾಚ್ಕೊಂಡು ನಿಂದರ್ತಾಳ."

"ಇವಳು ಅಡ್ಡ ನಿಲ್ಲೋದಕ್ಕೇ ಕಣ್ರೀ ನಮ್ಮವಳಿಗೆ ಬಾಲ್ ಸಿಗೋದು," ಎನ್ನುತ್ತಿದ್ದೆ ನಾನು.

"ಇರ್ಲಿ ಬಿಡ್ರೀ, ಸಮಾಧಾನಕ್ಕ ಹೇಳ್ತೀರಿ." ನಗುತ್ತಲೇ ಹೇಳುತ್ತಿದ್ದರು. ಕೆಟ್ಟ ಮನುಷ್ಯರಾಗಿರಲಿಲ್ಲ. ಈಗ ಬರೆಯುವಾಗ ಅದು ಇನ್ನಷ್ಟು ಕಹಿ ಎನಿಸುತ್ತದೆ.

ತಂಡದ ಕೋಚ್ ಬಿಳಿ ಕೂದಲಿನ, ಒರಟು ದನಿಯ ಹೆಂಗಸು. ಅಮೆರಿಕದ ಒಂದು ಸಣ್ಣ ಕಾಲೇಜಿಗೆ ಅವರೇ ಈ ಹುಡುಗಿಯ ಬಗ್ಗೆ ಬರೆದಿದ್ದರು. ಅಲ್ಲಿಯ ತಂಡವೂ ಪ್ರೆಸ್ ಆಡುವ ತಂಡ. ಎದುರಾಳಿಯ ಮುಖ್ಯ ಆಟಗಾರ್ತಿಯನ್ನು ಕಟ್ಟಿಹಾಕುವವಳೊಬ್ಬಳು ಅವರಿಗೆ ಬೇಕಾಗಿತ್ತು. ಕಾಲೇಜಿನವರು ಅವಳ ಆಟದ ವಿಡಿಯೋ ಕೇಳಿದರು. ತಂದೆ ಕಳಿಸಿದ ವಿಡಿಯೋಗಳಲ್ಲಿ ಹುಡುಗಿಯೇ ಇರಲಿಲ್ಲ. ಕೊನೆಗೆ ಕೋಚ್ ಹಟ ಹಿಡಿದು ಒಪ್ಪಿಸಿದರು: ರಜೆಯಲ್ಲಿ ಸಿಡ್ನಿಯಲ್ಲಿ ನಡೆಯುವ ಟೂರ್ನಮೆಂಟಿಗೆ ಆ ಕಾಲೇಜಿನವರೊಬ್ಬರು ಬಂದು ಕಣ್ಣಾರೆ ನೋಡುವುದು, ಹಿಡಿಸಿದರೆ ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಳ್ಳುವುದು.

ಸುದ್ದಿ ಬಂದ ದಿನ ನಾನು ಕಾರು ಓಡಿಸುತ್ತಿದ್ದೆ. ಹುಡುಗಿ ಹಿಂದಿನ ಸೀಟಿನಲ್ಲಿದ್ದಳು. ಮುಂದಕ್ಕೆ ಬಾಗಿ ಸಣ್ಣ ದನಿಯಲ್ಲಿ, "ಆಂಟಿ... ನಾನ್ ಮಾಡೋದನ್ನೇ ನೋಡೋಕೆ ಬರ್ತಿದ್ದಾರೆ," ಎಂದಳು. ಆ ಹುಡುಗಿಗೆ ಬದುಕಿನಲ್ಲಿ ಅಷ್ಟು ಬೇಕು ಎನಿಸಿದ್ದು ಬೇರೊಂದಿರಲಿಲ್ಲ.

ಸಿಡ್ನಿಯ ಆ ಸ್ಟೇಡಿಯಂ ನನಗೆ ಇವತ್ತೂ ಚೆನ್ನಾಗಿ ನೆನಪಿದೆ. ಕಾಫಿ ಯಂತ್ರದ ಸದ್ದು, ಬೆಂಚಿನ ಕೆಳಗೆ ಒದ್ದೆ ಟವೆಲ್ಲುಗಳು. ಅಮೆರಿಕದಿಂದ ಬಂದ ಹೆಂಗಸು ಎದುರು ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು. ಮೊದಲ ಭಾಗದಲ್ಲಿ ಹುಡುಗಿ ತನ್ನ ಎದುರಾಳಿಗೆ ಬಾಲ್ ಮುಟ್ಟಲು ಬಿಡಲಿಲ್ಲ. ನಮ್ಮವರು ಮುಂದಿದ್ದರು. ಆ ಹೆಂಗಸು ಮುಂದಕ್ಕೆ ಬಾಗಿ ಇವಳೊಬ್ಬಳನ್ನೇ ನೋಡುತ್ತಿದ್ದುದನ್ನು ನಾನು ಕಂಡೆ. ಬಾಲ್ ಆ ತುದಿಗೆ ಹೋದರೂ ಅವರ ಮುಖ ತಿರುಗಲಿಲ್ಲ.

ತಂದೆಗೆ ಕಂಡದ್ದು ಮಾತ್ರ ಸ್ಕೋರ್ ಬೋರ್ಡು. ಮಗಳ ಹೆಸರಿನಲ್ಲಿ ಒಂದು ಪಾಯಿಂಟೂ ಇಲ್ಲ.

ಬದಿಯಲ್ಲಿ ನಿಂತು ಹೆತ್ತವರು ಆಟ ಹೇಳಿಕೊಡಬಾರದೆಂಬುದು ಅಲ್ಲಿಯ ನಿಯಮ. ಇಂಗ್ಲಿಷಿನಲ್ಲಿ ಕೂಗಿದ್ದರೆ ಯಾರಾದರೂ ಬಾಯಿ ಮುಚ್ಚಿಸುತ್ತಿದ್ದರು. ಎರಡನೆಯ ಭಾಗ ಶುರುವಾದ ಕೂಡಲೇ ಅವರು ಕನ್ನಡದಲ್ಲಿ ಕೂಗಿದರು, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಿಂದ. "ಬಿಡ ಅಕೀನ್ನ! ಬಾಲ್ ತೊಗೊ! ನೀನ ಹೊಡಿ!"

ಹುಡುಗಿ ಮೊದಮೊದಲು ತಿರುಗಲಿಲ್ಲ. ಅವರು ಫೋನು ಹಿಡಿದುಕೊಂಡೇ ಅಂಚಿನುದ್ದಕ್ಕೂ ಅವಳ ಜೊತೆ ಜೊತೆಗೆ ನಡೆದರು. "ನಿನಗ ಹೇಳೂದು! ಅವ್ರು ನೋಡಾಕತ್ತಾರ, ಹೊಡಿಯವಾ!" ನಾನು ಎದ್ದು ಹೋಗಿ ಅವರ ತೋಳು ಹಿಡಿದು, "ಬೇಡ ಕಣ್ರೀ, ಅವಳನ್ನ ಅವಳ ಪಾಡಿಗೆ ಬಿಡಿ," ಎಂದೆ. "ನೀವು ಸುಮ್ನಿರ್ರೀ ಅಕ್ಕಾರ, ಇದು ಅಕೀ ಜೀವನದ ಪ್ರಶ್ನೆ," ಎಂದು ಕೊಡವಿಕೊಂಡರು.

ತಂದೆಯ ಕನ್ನಡಕ್ಕೆ ಯಾವಾಗಲೂ ಅರ್ಧ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಆ ಕನ್ನಡಕ್ಕೆ ತಿರುಗಿದಳು. ಒಮ್ಮೆ ತಂದೆಯ ಮುಖ ನೋಡಿದಳು. ಚಾಚಿದ್ದ ಕೈ ಕೆಳಗಿಳಿಸಿದಳು. ತನ್ನ ಎದುರಾಳಿಯನ್ನು ಬಿಟ್ಟು ಬಾಲಿನ ಕಡೆ ಓಡಿದಳು.

ಅಷ್ಟೇ... ಒಂದು ಹೊಲಿಗೆ ಬಿಟ್ಟರೆ ಇಡೀ ಅಂಚು ಬಿಚ್ಚಿಕೊಳ್ಳುವ ಹಾಗೆ ನಮ್ಮ ಪ್ರೆಸ್ ಬಿಚ್ಚಿಕೊಂಡಿತು. ಅಲ್ಲಿಯವರೆಗೆ ಕಟ್ಟಿಹಾಕಿದ್ದ ಆಟಗಾರ್ತಿ ಬಾಲ್ ಹಿಡಿದು ನೆಟ್ಟಗೆ ನುಗ್ಗತೊಡಗಿದಳು. ಮೂಲೆಯಲ್ಲಿ ಕಾಯುತ್ತಿದ್ದ ನಮ್ಮ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕೋಚ್ ಕೂಗಿದರು, ಹುಡುಗಿಯನ್ನು ಹೊರಗೆ ಕೂರಿಸಿ ಬುದ್ಧಿ ಹೇಳಿ ಕಳಿಸಿದರೂ ಅಂಚಿನಿಂದ ಮತ್ತೆ ಅದೇ ಕನ್ನಡ. ಹುಡುಗಿ ಹೊಡೆದಳು. ಅದುವರೆಗೆ ಯಾವ ಪಂದ್ಯದಲ್ಲೂ ಹೊಡೆಯದಷ್ಟು ಹೊಡೆದಳು. ನಾವು ಸೋತೆವು. ತಂದೆ ಮಾತ್ರ ಬ್ಯಾಗಿನಿಂದ ಧಾರವಾಡ ಪೇಡೆ ತೆಗೆದು ಸಾಲಿನಲ್ಲಿ ಕೂತವರಿಗೆಲ್ಲ ಹಂಚಿದರು. ಎದುರು ಸಾಲಿನ ಹೆಂಗಸು ಆಗಲೇ ಚೀಲ ಮುಚ್ಚಿ ಎದ್ದಿದ್ದರು.

ಸಂಜೆ ಪೆಂಡಲ್ ಹಿಲ್‌ನ ಒಂದು ಹೋಟೆಲಿನಲ್ಲಿ ಎಲ್ಲರಿಗೂ ಅವರದೇ ಖರ್ಚಿನಲ್ಲಿ ದೋಸೆ. "ಇನ್ನೇನು ಅಮೆರಿಕಾ!" ಎಂದು ಮೇಜು ಮೇಜಿಗೂ ಹೇಳಿಕೊಂಡು ಬಂದರು. ಹುಡುಗಿ ದೋಸೆಯನ್ನು ಸಣ್ಣ ಸಣ್ಣ ಚೂರು ಮಾಡಿ ತಟ್ಟೆಯ ಅಂಚಿಗೆ ಜೋಡಿಸುತ್ತ ಕೂತಿದ್ದಳು. ನನ್ನ ಮಗಳು ಅವಳ ಮಂಡಿಯ ಮೇಲೆ ಕೈಯಿಟ್ಟಳು. ಆ ದಿನ ಮಂಡಿಗೆ ಒಂದು ಗೀರೂ ಆಗಿರಲಿಲ್ಲ. ಹುಡುಗಿ ಪಟ್ಟಿಯನ್ನು ಬಿಚ್ಚಿ ನಮ್ಮ ಕಾರಿನಲ್ಲೇ ಬಿಟ್ಟು ಹೋದಳು.

ಮೆಲ್ಬರ್ನ್‌ಗೆ ಮರಳಿದ ಮೇಲೆ ಕೋಚ್ ನನಗೆ ಹೇಳಿದರು. ಆ ಹೆಂಗಸು ಹೊರಡುವಾಗ ಅಂದದ್ದು ಇಷ್ಟೇ: "ಹೊಡೆಯುವವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ನೀವು ಬರೆದಿದ್ದ ಹುಡುಗಿಯನ್ನು ಅರ್ಧ ಪಂದ್ಯ ನೋಡಿದೆ. ಆಮೇಲೆ ಅವಳು ಎಲ್ಲಿಗೆ ಹೋದಳು?" ಕೋಚ್‌ಗೆ ಕನ್ನಡ ತಿಳಿಯದು. ತಂದೆ ಅಂಚಿನಲ್ಲಿ ಕೂಗಿದ್ದು ಏನೆಂದು ನಾನು ಬಿಡಿಸಿ ಹೇಳಿದೆ. ಅವರು ಕಾಲೇಜಿಗೆ ಮತ್ತೆ ಬರೆದರು. ಆ ಕಾಲೇಜು ಅಷ್ಟರಲ್ಲಿ ಬೇರೊಬ್ಬಳಿಗೆ ಮಾತು ಕೊಟ್ಟಾಗಿತ್ತು.

ಹುಡುಗಿಯ ತಂದೆಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತುಳಸಿ ಕುಂಡಕ್ಕೆ ನೀರು ಹಾಕುತ್ತ ಕೇಳಿಸಿಕೊಂಡು ನಕ್ಕರು. "ಅಷ್ಟ ಹೊಡದ್ರೂ ಬ್ಯಾಡ ಅಂತಾರಂದ್ರ ಕಾರಣ ಬ್ಯಾರೆ ಐತ್ರೀ. ನಮ್ಮ ಬಣ್ಣ. ನಮ್ಮೋರನ್ನ ತೊಗೋಳೂದಿಲ್ಲ ಅವ್ರು." ಅವರ ಮಗಳು ಬಾಗಿಲಲ್ಲೇ ನಿಂತಿದ್ದಳು. ತಿರುಗಿ ಒಳಗೆ ಹೋದಳು. ಮುಂದಿನ ಸೀಸನ್ನಿಗೆ ಹೆಸರು ಕೊಡಲಿಲ್ಲ. ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಮನೆ ಮಾಡಿದಳು. ತಂದೆಗೆ ಹಬ್ಬಕ್ಕೊಂದು ಫೋನು.

ಪಂದ್ಯದ ಆ ವಿಡಿಯೋ ಈಗಲೂ ನಮ್ಮ ಹಳೆಯ ವಾಟ್ಸಾಪ್ ಗುಂಪಿಗೆ ಬರುತ್ತಿರುತ್ತದೆ, 'ನನ್ನ ಮಗಳ ಅತ್ಯುತ್ತಮ ಆಟ' ಎಂಬ ಸಾಲಿನೊಂದಿಗೆ. ಮಂಡಿಪಟ್ಟಿ ಸಿಕ್ಕಿದ ದಿನ ಅದನ್ನು ತೆರೆದು ನೋಡಿದೆ. ಮೊದಲಿಗೆ ಚಿತ್ರದ ಅಂಚಿನಲ್ಲಿ ಒಂದು ಕೈ. ಚಾಚಿದ ಕೈ, ಬಗ್ಗಿದ ಭುಜ. ಬೂಟಿನ ಕಿರ್ ಕಿರ್. ಮರುಕ್ಷಣ ಫೋನು ಬಾಲಿನ ಕಡೆ ತಿರುಗುತ್ತದೆ. ಆಮೇಲೆ ಎಲ್ಲ ಸದ್ದನ್ನೂ ಮೀರಿ ಆ ತಂದೆಯದೇ ದನಿ: "ಬಿಡ ಅಕೀನ್ನ!" ಇಷ್ಟು ವರ್ಷ ಎಲ್ಲರಿಗೂ ಕಳಿಸುತ್ತ ಬಂದವರು ತಾವು ಒಮ್ಮೆಯೂ ಕೇಳಿಸಿಕೊಂಡಂತಿಲ್ಲ.

ಮಂಡಿಪಟ್ಟಿಯ ಫೋಟೋ ತೆಗೆದು ಹುಡುಗಿಗೆ ಕಳಿಸಿ, "ಇಟ್ಟಿರಲಾ?" ಎಂದು ಕೇಳಿದೆ. ಉತ್ತರ ಬಂತು. "ಬಿನ್‌ಗೆ ಹಾಕಿ ಆಂಟಿ."

ಬೆಳಿಗ್ಗೆ ಕಸದ ಲಾರಿ ಬರುವ ಮೊದಲು ಪಟ್ಟಿಯನ್ನು ಕೆಂಪು ಮುಚ್ಚಳದ ಬಿನ್ನಿಗೆ ಹಾಕಿ ರಸ್ತೆಯ ಅಂಚಿಗೆ ತಳ್ಳಿದೆ. ಅವಳು ಬೇಡವೆಂದದ್ದನ್ನು ಇಟ್ಟುಕೊಳ್ಳುವ ಹಕ್ಕು ನನಗೂ ಇರಲಿಲ್ಲ. ಒಳಗೆ ಬಂದು ಸಾರಿಗೆ ಒಗ್ಗರಣೆ ಹಾಕಲು ಡಬ್ಬಿ ತೆಗೆದೆ. ಸಾಸಿವೆ, ಜೀರಿಗೆ, ಮೆಂತ್ಯ ತಮ್ಮ ತಮ್ಮ ಬಟ್ಟಲಲ್ಲಿ ಸುಮ್ಮನೆ ಇದ್ದವು.